ಫೋನಿಗೆ ಗೊತ್ತಿರದ ಹಿಂದಿನ ದಿನ

ತುಮಕೂರಿನ ಸದಾಶಿವನಗರದಲ್ಲಿ ನಮ್ಮದೊಂದು ಪುಟ್ಟ ಸಾಫ್ಟ್‌ವೇರ್ ಆಫೀಸು. ಗುಬ್ಬಿಯ ಒಂದು ಮದುವೆ ಛತ್ರವನ್ನು ಮೊಬೈಲಿನಲ್ಲೇ ಬುಕ್ ಮಾಡುವ ಪೇಜು ಮಾಡಿಕೊಡುತ್ತಿದ್ದೆವು. ಬುಕಿಂಗ್ ಫಾರಂನ ಯಾವ ಖಾನೆಯಲ್ಲಿ ಏನಿರಬೇಕೆಂಬ ನಿಯಮಗಳೆಲ್ಲ ಸರ್ವರಿನಲ್ಲಿದ್ದವು. ಅವನ್ನು ಒಟ್ಟುಮಾಡಿ, ಜರಡಿ ಹಿಡಿದು, ಫೋನೇ ನೋಡಿಕೊಳ್ಳಬಹುದಾದಂಥವನ್ನು ಮಾತ್ರ ಪೇಜಿನ ಜೊತೆ ಕಳಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಕೇಳಿದವರಿಗೆ ಆಕಳಿಕೆ ಬರುತ್ತದೆ, ನನಗೋ ಇದರ ಹುಚ್ಚು. ಮೊಬೈಲ್ ನಂಬರಿನಲ್ಲಿ ಹತ್ತು ಅಂಕಿ ಇದೆಯೇ ಎಂಬುದನ್ನು ಫೋನೇ ಹೇಳಬಲ್ಲದು. ಆ ದಿನ ಛತ್ರ ಖಾಲಿ ಇದೆಯೇ ಎಂಬುದು ಸರ್ವರಿಗೇ ಗೊತ್ತು. ಯಾರಿಗೆ ಏನು ಗೊತ್ತಿರಲು ಸಾಧ್ಯ ಎಂದು ಯೋಚಿಸುತ್ತ ಕೂತರೆ ಕಾಫಿ ಆರಿದ್ದೂ ತಿಳಿಯುತ್ತಿರಲಿಲ್ಲ.

ಪೇಜು ಶುರುವಾದ ದಿನ ಕುಣಿಗಲ್ಲಿನಿಂದ ಒಬ್ಬ ತಾಯಿ ಫೋನ್ ಮಾಡಿದರು. ಮಗಳ ಫೋನಿನಲ್ಲಿ ಪೇಜು ತೆರೆದುಕೊಂಡು ಅವಳ ಮದುವೆಗೇ ಛತ್ರ ಹಿಡಿಯುತ್ತಿದ್ದರು. ಆಷಾಢಕ್ಕೆ ಮುಂಚೆ ಉಳಿದಿದ್ದು ಅದೊಂದೇ ಮುಹೂರ್ತ. ಗಂಡಿನ ಕಡೆಯವರು ಗುಬ್ಬಿಯೇ ಆಗಬೇಕು, ಇಲ್ಲದಿದ್ದರೆ ಸಂಬಂಧವೇ ಬೇಡ ಎಂದು ಪಟ್ಟು ಹಿಡಿದಿದ್ದರಂತೆ.

“ಮುಹೂರ್ತದ ಡೇಟ್ ಹಾಕಿದೀನಿ ಕಣಮ್ಮ. ಸಾಯಂಕಾಲ ನಾಲ್ಕಕ್ಕೆ ತಗೋತೀವಿ, ಮಧ್ಯಾಹ್ನ ಮೂರಕ್ಕೆ ಬಿಡ್ತೀವಿ ಅಂದ್ರೆ ಆಗಲ್ಲ ಅಂತದೆ.”

“ಮೂರು ಗಂಟೆ ನಾಲ್ಕಕ್ಕಿಂತ ಮುಂಚೇನೇ ಬಂದ್ಬಿಡ್ತಲ್ಲಮ್ಮಾ?”

“ಹಿಂದಿನ್ ದಿನದ ಸಾಯಂಕಾಲ ಕಣಮ್ಮಾ! ಗಂಡಿನೋರ್ನ ಎದುರುಗೊಳ್ಳದೆ, ರಿಸೆಪ್ಷನ್ ಮಾಡ್ದೆ, ಸೀದಾ ಧಾರೆಗೆ ಕೂರಿಸ್ಬಿಡ್ತಾರಾ? ಯಾವೂರೋಳೇ ನೀನು?”

ಇದೇ ಊರಿನವಳು, ಮದುವೆಯೂ ಆದವಳು. ಬಾಯಿ ಮುಚ್ಚಿಕೊಂಡು ಸರ್ವರಿನ ನಿಯಮ ತೆಗೆದು ನೋಡಿದೆ. ಛತ್ರ ಬಿಡುವ ಹೊತ್ತು ತೆಗೆದುಕೊಳ್ಳುವ ಹೊತ್ತಿನ ನಂತರವೇ ಇರಬೇಕು. ಆದರೆ ಮದುವೆಗೆ ಮಾತ್ರ ತೆಗೆದುಕೊಳ್ಳುವ ಹೊತ್ತನ್ನು ಹಿಂದಿನ ದಿನದ್ದೆಂದು ಲೆಕ್ಕ ಹಿಡಿಯಬೇಕು. ನನ್ನ ಜರಡಿ ಮೊದಲರ್ಧವನ್ನು ಫೋನಿಗೆ ಕಳಿಸಿ, ಮದುವೆಯ ಷರತ್ತನ್ನು ಸರ್ವರಿನಲ್ಲೇ ಬಿಟ್ಟುಬಂದಿತ್ತು. ನಾಚಿಕೆಗಿಂತ ಮೊದಲು ಬಂದದ್ದು ಖುಷಿ. ಎಂಥ ಸೊಗಸಾದ ತಪ್ಪು! ಇನ್ನೂ ಯಾವ ಯಾವ ಷರತ್ತು ಹೀಗೆ ಉದುರಿಹೋಗಿವೆಯೋ ಎಂದು ಹುಡುಕುತ್ತ ಕೂತುಬಿಟ್ಟೆ.

“ಲೈನಲ್ಲಿದೀಯೇನಮ್ಮಾ? ಅಷ್ಟರಲ್ಲಿ ಬೇರೆ ಯಾರಾದ್ರೂ ಹಿಡ್ಕೊಂಡ್ಬಿಟ್ರೆ ನಮ್ ಗತಿ ಏನು?”

ನನ್ನ ಖುಷಿ ಜರ್ರನೆ ಇಳಿಯಿತು. ಆ ನಿಯಮ ಫೋನಿಗೆ ಹೋಗದಂತೆ ತಡೆದು, ಸರ್ವರೇ ನೋಡಿಕೊಳ್ಳಲೆಂದು ಬಿಟ್ಟೆ.

“ಈಗ ಪೇಜ್ ರಿಫ್ರೆಶ್ ಮಾಡಿ ಇನ್ನೊಂದ್ಸಲ ಒತ್ತಿ ಅಮ್ಮಾ.”

ನಾನು ಇತ್ತ ಬುಕಿಂಗ್ ಪಟ್ಟಿ ತೆರೆದುಕೊಂಡು ಕೂತೆ. ಕೊನೆಗೆ ಆಕೆ ನನ್ನನ್ನು ಮರೆತೇಬಿಟ್ಟು ಪಕ್ಕದಲ್ಲಿದ್ದ ಮಗಳಿಗೆ ಹೇಳಿದ್ದು ಕೇಳಿಸಿತು:

“ಸಿಕ್ತು ಕಣೇ. ನಿನ್ ಮದ್ವೆ ನಿಲ್ಲಲ್ಲ ಬುಡು.”

ಆ ಹುಡುಗಿ “ಸದ್ಯ ಕಣಮ್ಮಾ” ಎನ್ನುತ್ತ ಬಿಕ್ಕಿ ಬಿಕ್ಕಿ ಅಳತೊಡಗಿದಳು.