ಮರೆಪ್ಪನ ಜೋಡಿ

ಸೇವಂತಿಗೆ ಹದಿನೇಳು ತುಂಬಿದ ವರ್ಷ, ಅಂದರೆ 1969ರಲ್ಲಿ, ಮುಂಬೈಯ ಪವಾಯಿ ಕೆರೆಯ ಹತ್ತಿರ ದೊಡ್ಡ ಬಿಲ್ಡಿಂಗುಗಳಿಗೆ ಪಾಯ ತೋಡುವ ಕೆಲಸ ನಡೆದಿತ್ತು. ತೋಡುವವರಲ್ಲಿ ಹೆಚ್ಚಿನವರು ಯಾದಗಿರಿ, ಶಹಾಪುರ ಕಡೆಯವರು. ಕೂಲಿಗಳ ಮೇಲಿನ ಮುಕಾದಮ ಬಸವಂತರಾಯ ಯಾರನ್ನೂ ಒಂಟಿಯಾಗಿ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಗೆಯಲು ಒಬ್ಬ ಗಂಡಸು, ಮಣ್ಣು ಹೊರಲು ಒಬ್ಬ ಹೆಂಗಸು. ಇಬ್ಬರೂ ಸೇರಿದರೆ ಒಂದು ಜೋಡಿ. ಜೋಡಿಗೆ ಒಂದು ತಗಡಿನ ಖೋಲಿ. ಜೋಡಿ ಮುರಿದರೆ ಕೆಲಸವೂ ಇಲ್ಲ, ಖೋಲಿಯೂ ಇಲ್ಲ.

ಸೇವಂತಿಯ ತಾಯಿ ತೀರಿಕೊಂಡ ಮೇಲೆ ತಂದೆ ಮರೆಪ್ಪನಿಗೆ ಅವಳೇ ಜೋಡಿಯಾದಳು.

ಆದರೆ ಮರೆಪ್ಪನ ಎದೆ ಕೆಟ್ಟಿತ್ತು. ಸ್ವಲ್ಪ ಅಗೆದರೆ ಕೆಮ್ಮು ಹಿಡಿದು ಕೂತುಬಿಡುತ್ತಿದ್ದ. ಮುಕಾದಮ ಆಚೆ ಹೋದಾಗ ಸೇವಂತಿಯೇ ಗುದ್ದಲಿ ಹಿಡಿದು ಅಗೆಯುತ್ತಿದ್ದಳು. ಬುಟ್ಟಿಗೆ ಮಣ್ಣನ್ನೂ ಅವಳೇ ತುಂಬುತ್ತಿದ್ದಳು. ತುಂಬಿದ ಬುಟ್ಟಿಯನ್ನು ತಲೆಗೆ ಏರಿಸಲು ಮಾತ್ರ ಇನ್ನೊಬ್ಬರು ಬೇಕು. ಮರೆಪ್ಪನ ಕೈಯಲ್ಲಿ ಅದೂ ಆಗುತ್ತಿರಲಿಲ್ಲ. ಪಕ್ಕದ ಪಾಯದಲ್ಲಿ ತಾಯಿ ರುಕ್ಮಿಣಿಬಾಯಿಯೊಂದಿಗೆ ಜೋಡಿ ಕೆಲಸ ಮಾಡುತ್ತಿದ್ದ ಭೀಮರಾಯ ಬಂದು ಎತ್ತಿ ಕೊಡುತ್ತಿದ್ದ.

"ಬುಟ್ಟಿ ಹಗುರ ಅದಲ್ಲ. ನಿಮ್ಮ ಗುದ್ದಲಿ ಇವತ್ತು ನಾಷ್ಟಾ ಮಾಡಿಲ್ಲೇನು?"

"ಎತ್ತೂದಿದ್ರ ಎತ್ತು. ಮಾತಿಗೇನು ಪಗಾರ ಅದ?"

ಆಚೆಯಿಂದ ರುಕ್ಮಿಣಿಬಾಯಿ ಕೂಗುತ್ತಿದ್ದಳು: "ಏ ಭೀಮ್ಯಾ, ಊರ ಮಂದಿ ಬುಟ್ಟಿ ಎತ್ತಿದ್ದು ಸಾಕು. ಹಡದಾಕಿ ಇಲ್ಲಿ ನಿಂತಾಳ, ಗುರ್ತು ಸಿಗ್ತೇನು?"

ಬುಟ್ಟಿ ಏರಿಸುವಾಗ ಇಬ್ಬರೂ ಎದುರುಬದುರು ನಿಲ್ಲುತ್ತಿದ್ದರು. ಕೆಲವು ದಿನಗಳ ನಂತರ ಸೇವಂತಿ ಅವನ ಮುಖ ನೋಡುವುದನ್ನು ಬಿಟ್ಟಳು. ನೋಡಿದರೆ ಎಲ್ಲರಿಗೂ ತಿಳಿದುಬಿಡುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ದೀಪಾವಳಿಯ ನಂತರ ಕೆಲವು ಜೋಡಿಗಳನ್ನು ವಡಾಲದ ಹೊಸ ಸೈಟಿಗೆ ಕಳಿಸುವುದೆಂದಾಯಿತು. ಅದರಲ್ಲಿ ಭೀಮರಾಯನೂ ಇದ್ದ. ಅವನು ನೇರವಾಗಿ ಮರೆಪ್ಪನ ಹತ್ತಿರ ಬಂದು ಮಗಳನ್ನು ಕೇಳಿದ. ಒಂದೇ ಜಾತಿ, ನೆರೆಯ ಊರು, ಮರೆಪ್ಪ ಒಪ್ಪಿದ. ಇನ್ನು ಮುಂದೆ ಸೊಸೆ ಮಣ್ಣು ಹೊರುತ್ತಾಳೆ, ತನಗೆ ವಿಶ್ರಾಂತಿ ಎಂದು ರುಕ್ಮಿಣಿಬಾಯಿಗೂ ಸಂತೋಷವಾಯಿತು.

ಸೇವಂತಿ ಒಂದೇ ಮಾತು ಕೇಳಿದಳು. "ನಮ್ಮಪ್ಪನೂ ಬರಬಹುದೇನು?"

ಭೀಮರಾಯ ಮುಕಾದಮನನ್ನು ಕೇಳಿ ಬಂದ. "ಖೋಲ್ಯಾಗ ಜೋಡಿ ಮ್ಯಾಲ ಒಂದು ಮುದಿ ಜೀವ ಇದ್ರ ನಡೀತದ, ಎರಡಂದ್ರ ಧರ್ಮಶಾಲಾ ಆಗ್ತದ ಅಂದ. ನಮ್ಮವ್ವ ಒಬ್ಬಾಕಿ ಅದಾಳಲ್ಲ. ಅದಕ್ಕ ನಿಮ್ಮಪ್ಪ, ನಮ್ಮವ್ವ ಬ್ಯಾರೆ ಜೋಡಿ ಅಂತ ಬರಸೋಣು."

"ಬೀಗ ಅಗೀಬೇಕು, ಬೀಗತಿ ಹೊರಬೇಕು?" ಎಂದಳು ರುಕ್ಮಿಣಿಬಾಯಿ. "ಬುಟ್ಟಿ ಇಡೂ ಮುಂದ ಆತ ನನ್ನ ಮಾರಿಗಿ ಮಾರಿ ಕೊಟ್ಟು ನಿಂದರಬೇಕಲ್ಲ. ಮಂದಿ ಏನಂದಾರು?"

"ಮಂದಿದ್ದು ಬಿಡು ಯವ್ವಾ."

"ಬಿಟ್ಟೆ. ಆತ ಅಗೀತಾನೇನು, ಅದ ಹೇಳು." ಆಮೇಲೆ ದನಿ ತಗ್ಗಿಸಿ ಸೇವಂತಿಗೆ ಹೇಳಿದಳು: "ನೀ ಅಗೆಯೋದು ನಾ ದಿನಾ ನೋಡೀನಿ ತಂಗಿ. ಯಾರಿಗೂ ಹೇಳಿಲ್ಲ."

ಸೇವಂತಿ ತಲೆ ತಗ್ಗಿಸಿದಳು. ಎಲ್ಲವನ್ನೂ ಕೇಳುತ್ತಿದ್ದ ಮರೆಪ್ಪ ಮಗಳಿಗೆ, "ಅವರ ಸಂಗಾಟ ಹೋಗು. ನಂದು ನಾ ನೋಡ್ಕೋತೀನಿ," ಎಂದ.

ವಡಾಲಕ್ಕೆ ಹೊರಡುವ ಟ್ರಕ್ಕು ಬಂದ ಬೆಳಿಗ್ಗೆ, ಹಾಜರಿಯ ಸಾಲಿನಲ್ಲಿ ಮರೆಪ್ಪ ಒಬ್ಬನೇ ನಿಂತಿದ್ದ. "ನನ್ನ ಜೋಡಿ ಮುರೀತು ಸಾಹೇಬ. ಮಗಳ ಲಗ್ನ ಅದ. ಖೋಲಿ ಖಾಲಿ ಮಾಡ್ತೀನಿ."

"ಮತ್ತ ನೀ ಎಲ್ಲಿ ಹೋಗ್ತಿ?" ಎಂದು ಬಸವಂತರಾಯ ಕೇಳಿದ.

"ಮುಂಬೈ ದೊಡ್ಡದದ."

ಆಗ ಸೇವಂತಿ ಖಾಲಿ ಬುಟ್ಟಿ ಹಿಡಿದು ಬಂದು ತಂದೆಯ ಪಕ್ಕದಲ್ಲಿ ನಿಂತಳು. "ಜೋಡಿ ಮುರದಿಲ್ಲ ಸಾಹೇಬ. ಬರಕೋರಿ."

ಭೀಮರಾಯ ಟ್ರಕ್ಕಿನಿಂದ ಇಳಿದು ಬಂದ. "ನಾ ಕಾಯ್ತೀನಿ ಸೇವಂತಿ. ಎಷ್ಟು ವರ್ಷ ಆದ್ರೂ."

"ಬ್ಯಾಡ. ನೀ ನನಗ ಕಾದ್ರ ನಾ ಅಪ್ಪನ ಸಾವು ಕಾದಂಗ ಆಗ್ತದ."

ರುಕ್ಮಿಣಿಬಾಯಿ ಟ್ರಕ್ಕಿನ ಮೇಲಿನಿಂದ ಕೈ ಚಾಚಿ ಮಗನನ್ನು ಹತ್ತಿಸಿಕೊಂಡಳು.

ಎರಡು ಮಳೆಗಾಲ ಕಳೆದ ಮೇಲೆ, ಸಿಮೆಂಟಿನ ಟ್ರಕ್ಕಿನವನು ಭೀಮರಾಯನ ಮದುವೆಯ ಸುದ್ದಿ ತಂದ. ಸೇವಂತಿ ಪಾಯಕ್ಕಿಳಿದು ಗುದ್ದಲಿ ತೆಗೆದುಕೊಂಡಳು. ಮುಕಾದಮ ಎಲ್ಲಿದ್ದಾನೆಂದೂ ನೋಡದೆ ಅಗೆದಳು. ಬಸವಂತರಾಯ ಪಾಯದ ಅಂಚಿಗೆ ಬಂದು ನಿಂತ. ಅಗೆಯುತ್ತಿದ್ದ ಮಗಳನ್ನೂ, ಮಣ್ಣಿನ ಗೋಡೆಗೆ ಒರಗಿ ಕೂತಿದ್ದ ತಂದೆಯನ್ನೂ ನೋಡಿದ. ಮರೆಪ್ಪ ಏಳಲು ಹೋದ.

"ಕೂಡು ಕೂಡು," ಎಂದು ಬಸವಂತರಾಯ ಮುಂದಿನ ಪಾಯದ ಕಡೆ ನಡೆದ. ಮರೆಪ್ಪ ಕಣ್ಣು ಮುಚ್ಚುವವರೆಗೆ ಆ ಖೋಲಿ ಅವರದಾಗಿಯೇ ಉಳಿಯಿತು.