ಏಳಬ್ಯಾಡ, ಬಂದೆ

ಕಳೆದ ತಿಂಗಳ ಒಂದು ರವಿವಾರ ಮಧ್ಯಾಹ್ನ ನನ್ನ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತು: ನಿಮ್ಮ ಸಂಗಾತಿ ಜವುಗು ನೆಲದಲ್ಲಿ ಬಿದ್ದಿದ್ದಾರೆ.

ಸಂಗಾತಿ ಎಂದರೆ ನನ್ನ ಅಣ್ಣ. ಬಿದ್ದದ್ದು ಅವನಲ್ಲ, ಆಟದೊಳಗಿನ ಅವನ ಯೋಧ. ಅಣ್ಣ ಆ ಹೊತ್ತಿಗೆ ಪುಣೆಯ ಕೊಂಢವಾದಲ್ಲಿರುವ ತನ್ನ ಬಣ್ಣದ ಅಂಗಡಿಯ ಗಲ್ಲಾದ ಹಿಂದೆ, ಫೋನು ಕೈಯಲ್ಲಿ ಹಿಡಿದು ಕೂತಿರಬೇಕು. ನಾನು ಸ್ವಾರಗೇಟ ಹತ್ತಿರದ ನನ್ನ ಮನೆಯಲ್ಲಿದ್ದೆ. ನಡುವೆ ಇರುವುದು ಒಂದು ಬಸ್ಸಿನ ದಾರಿ ಅಷ್ಟೆ. ಆದರೆ ನಾವಿಬ್ಬರು ಮಾತು ಬಿಟ್ಟು ಎರಡು ವರ್ಷವಾಗುತ್ತ ಬಂದಿತ್ತು.

ಅಂದು ಸಂಜೆ ನಾಲ್ಕಕ್ಕೆ ಆಟವನ್ನು ಮುಚ್ಚಿ, ಮರುದಿನ ಹೊಸ ನಕ್ಷೆಯೊಂದಿಗೆ ತೆರೆಯುವುದಾಗಿ ಕಂಪನಿ ಮೊದಲೇ ತಿಳಿಸಿತ್ತು. ಹೊಸ ನಕ್ಷೆಯಲ್ಲಿ ಜವುಗು ಇಲ್ಲ. ಆಟದ ಎಲ್ಲಕ್ಕಿಂತ ಹಳೆಯ ಪ್ರದೇಶ ಅದು. ಈಗ ಅಲ್ಲಿಗೆ ಯಾರೂ ಹೋಗುವುದಿಲ್ಲ ಎಂಬ ಕಾರಣ ಕೊಟ್ಟಿದ್ದರು. ಅಲ್ಲಿ ಬಿದ್ದವರು ಒಂದು ಗುಂಡಿ ಒತ್ತಿದರೆ ಪಟ್ಟಣದ ಬಾವಿಕಟ್ಟೆಯ ಮೇಲೆ ಎದ್ದು ನಿಲ್ಲುತ್ತಾರೆ. ನಷ್ಟವೇನೂ ಇಲ್ಲ. ಬಿದ್ದವರ ಹೆಸರು ಪರದೆಯಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಗುಂಡಿ ಒತ್ತಿದ ಕೂಡಲೇ ಹಸಿರಾಗುತ್ತದೆ. ಅಣ್ಣನ ಹೆಸರು ಬೂದಿಯಾಗಿಯೇ ಇತ್ತು.

ಅವನು ನನಗಾಗಿ ಕಾಯುತ್ತಿದ್ದಾನೆ ಎಂದುಕೊಂಡೆ. ಮರುಕ್ಷಣವೇ, ಇಲ್ಲ, ಯಾರೋ ಗಿರಾಕಿ ಬಂದಿದ್ದಾನೆ, ಫೋನನ್ನು ಬಣ್ಣದ ಡಬ್ಬಿಯ ಮೇಲೆ ಮಗುಚಿಟ್ಟು ಎದ್ದು ಹೋಗಿದ್ದಾನೆ ಎಂದುಕೊಂಡೆ. ಯಾವ ಯೋಚನೆ ಮೊದಲು ಬಂತು ಎಂದು ಈಗ ಆಣೆ ಮಾಡಿ ಹೇಳಲಾರೆ. ಮುಂದೆ ಏನಾಯಿತೆಂದು ಗೊತ್ತಾದ ಮೇಲೆ ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ.

ಅವನು ಕಾಯುತ್ತಿರಬಹುದು ಎಂದು ನನಗೆ ಯಾಕೆ ಅನಿಸಬೇಕು ಎನ್ನುವುದನ್ನು ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು.

ನಾವು ಆಟ ಶುರು ಮಾಡಿದ್ದು ಪುಣೆಯ ಕ್ಯಾಂಪ್ ಪೇಟೆಯ ಒಂದು ಸೈಬರ್ ಕೆಫೆಯಲ್ಲಿ. ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ, ಅಣ್ಣ ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕಿದ್ದ. ಪುಣೆಯ ಕನ್ನಡದವರು ಆರೇಳು ಜನ ಅಲ್ಲಿ ಗುಂಪಾದೆವು. ಆಗ ಆಟದಲ್ಲಿ ನಕ್ಷೆ ಇರಲಿಲ್ಲ, ಕುದುರೆ ಇರಲಿಲ್ಲ. ಎಲ್ಲಿಗಾದರೂ ನಡೆದೇ ಹೋಗಬೇಕು, ದಾರಿ ತಪ್ಪಿದರೆ ಯಾರನ್ನಾದರೂ ಕೇಳಬೇಕು. ಊರುಗಳ ಇಂಗ್ಲಿಷ್ ಹೆಸರುಗಳು ನಮ್ಮ ನಾಲಿಗೆಗೆ ಹೊರಳಲಿಲ್ಲ, ಹಾಗಾಗಿ ನಾವೇ ಹೆಸರಿಟ್ಟೆವು. ಮುರಿದ ಕಂಬವಿದ್ದ ನಾಲ್ಕು ದಾರಿಗಳ ಕೂಡು ಸ್ವಾರಗೇಟ ಆಯಿತು, ಪುಣೆಯ ಸ್ವಾರಗೇಟದ ಹಾಗೆ ಎಲ್ಲರೂ ಅಲ್ಲಿಂದಲೇ ಹಾಯಬೇಕಲ್ಲ. ಅಂಗಡಿ ಸಾಲು ಕ್ಯಾಂಪ್ ಆಯಿತು. ನಿಜವಾದ ಹೆಸರುಗಳನ್ನು ನಾವು ಯಾರೂ ಕಲಿಯಲೇ ಇಲ್ಲ.

ನನ್ನ ಪಾತ್ರ ವೈದ್ಯೆಯದು. ಬಿದ್ದವರನ್ನು ಎಬ್ಬಿಸುವ ಮಂತ್ರ ವೈದ್ಯರಿಗೆ ಮಾತ್ರ ಇತ್ತು. ಬಿದ್ದವನು ಕಾಯಲಾರೆ ಎಂದು ಕೈಬಿಟ್ಟರೆ ಪಟ್ಟಣದಲ್ಲಿ ಏಳಬಹುದಿತ್ತು, ಆದರೆ ಹೊತ್ತ ಸಾಮಾನೆಲ್ಲ ಹೋಗುತ್ತಿತ್ತು. ಆದ್ದರಿಂದ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ನಮ್ಮ ಮನೆಗಳಲ್ಲಿ ಹಿರಿಯರು ಬಂದಾಗ ಕೂತವರು ಏಳಹೋದರೆ "ಏಳಬ್ಯಾಡ, ಕೂಡು" ಅನ್ನುತ್ತಾರೆ. ಯಾರಾದರೂ ಬಿದ್ದರೆ ನಾನು "ಏಳಬ್ಯಾಡ, ಬಂದೆ" ಎಂದು ಬರೆಯುತ್ತಿದ್ದೆ. ಹಾಗೆ ಬರೆದ ಮೇಲೆ ಎಷ್ಟು ಹೊತ್ತಾದರೂ ಅವರು ಕೈಬಿಡುವಂತಿಲ್ಲ, ನಾನು ತಿರುಗುವಂತಿಲ್ಲ. ಎಬ್ಬಿಸಿದ ಮೇಲೆ ಅವರಿಗೆ ತಿನ್ನಲು ಒಂದು ರೊಟ್ಟಿ ಕೊಡಬೇಕು, ಇಲ್ಲವಾದರೆ ನಡೆಯುವ ಶಕ್ತಿ ಇರುವುದಿಲ್ಲ. ಅದಕ್ಕೆ ನಾವು ಬುತ್ತಿ ಅನ್ನುತ್ತಿದ್ದೆವು. ಅಣ್ಣ ಎಲ್ಲರಿಗಿಂತ ಹೆಚ್ಚು ಬೀಳುತ್ತಿದ್ದ. ಬಿದ್ದು, ಪಕ್ಕದ ಕಂಪ್ಯೂಟರಿನಿಂದ "ಬುತ್ತಿ ಕಟ್ಟಿಯೇನು?" ಎಂದು ಕೂಗುತ್ತಿದ್ದ.

ಆಮೇಲೆ ಕುದುರೆಗಳು ಬಂದವು. ಹಿಂದೆಯೇ ಒಂದು ಹೆಜ್ಜೆಗೆ ಊರಿಂದೂರಿಗೆ ಸೇರಿಸುವ ಬಾಗಿಲುಗಳು. ಜೊತೆಗಾರರನ್ನು ಯಂತ್ರವೇ ಆರಿಸಿ ಕೊಡತೊಡಗಿತು. ಎಲ್ಲಿಯವರೋ ನಾಲ್ಕು ಜನ ಬಂದು ಒಂದು ಮಾತಾಡದೆ ಹೊಡೆದು ಹೋಗುತ್ತಿದ್ದರು. ಆಟ ಪುಕ್ಕಟೆಯಾಯಿತು, ಬದಲಿಗೆ ಅಂಗಡಿ ತೆರೆಯಿತು. ಅಣ್ಣ ಗುಲಾಬಿ ರೆಕ್ಕೆ ಕೊಂಡ. ಎದ್ದೇಳುವ ಗುಂಡಿ ಬಂದ ದಿನ ನನ್ನ ಮಂತ್ರಕ್ಕೆ ಬೆಲೆಯಿಲ್ಲದಂತಾಯಿತು. ಹಸಿವು ತೆಗೆದುಹಾಕಿದರು, ರೊಟ್ಟಿಯೂ ಬೇಡವಾಯಿತು. ಕೊನೆಗೆ ಆಟ ಫೋನಿಗೆ ಬಂತು, ಪಾತ್ರ ತಾನೇ ನಡೆಯುವುದನ್ನು ಕಲಿಯಿತು. ಅಣ್ಣ ಡಿಸ್ಟೆಂಪರ್ ಬಣ್ಣ ಅಳೆದು ಕೊಡುವಾಗ ಅವನ ಯೋಧ ಒಬ್ಬನೇ ಕಾಡು ಸುತ್ತುತ್ತಿದ್ದ. ಈ ಬದಲಾವಣೆಗಳನ್ನು ಬೇಡಿದವರು ನಾವೇ. ನಡೆದು ನಡೆದು ಬೇಜಾರಾಗಿದೆ ಎಂದು ಕಂಪನಿಗೆ ಬರೆದವರಲ್ಲಿ ನಾನೂ ಇದ್ದೆ ಎಂದು ನನ್ನ ನೆನಪು.

ಗುಂಪು ಕರಗಿತು. ಉಳಿದವರು ನಾವಿಬ್ಬರೇ. ಒಂದು ದಿನ ನೋಡಿದರೆ ಅಣ್ಣ ಹಿಂದಿ ಮಾತಾಡುವ ದೊಡ್ಡ ತಂಡವೊಂದನ್ನು ಸೇರಿದ್ದ. ಅವನು ಹೇಳುವುದು, ಅದಕ್ಕೂ ಎಷ್ಟೋ ತಿಂಗಳ ಮೊದಲೇ ನಾನು ಬರುವುದು ಬಿಟ್ಟಿದ್ದೆ ಎಂದು. ದೀಪಾವಳಿಗೆ ಅವನ ಮನೆಗೆ ಹೋದಾಗ ಹಬ್ಬದ ತಿಂಡಿಗಳ ಫರಾಳದ ತಾಟು ಮುಂದಿಟ್ಟುಕೊಂಡು ಅದೇ ಮಾತು ಬಂತು.

"ನೀ ಬಿಟ್ಟು ಹೋದಿ," ಅಂದೆ.

"ನೀ ಮೊದಲ ಬಿಟ್ಟಿ. ನಿನಗ ಕಲತವರ ಸಂಗ ಬೇಕಾಗಿತ್ತು."

"ನಿನಗ ಚಪ್ಪಾಳಿ ಬೇಕಾಗಿತ್ತು."

"ಇಬ್ಬರೂ ನಲವತ್ತು ದಾಟೀರಿ," ಅಂದರು ವೈನಿ, ಅಣ್ಣನ ಹೆಂಡತಿ. "ಬೊಂಬಿ ಆಟಕ್ಕ ಜಗಳಾಡ್ತೀರಲ್ಲ, ನಾಚಿಕಿ ಬರೂದಿಲ್ಲೇನು?"

ಯಾರೂ ನಗಲಿಲ್ಲ. ನಾನು ಚಹಾ ಕುಡಿಯದೆ ಎದ್ದು ಬಂದೆ, ಅಥವಾ ಕುಡಿದೇ ಬಂದೆನೋ. ಅವತ್ತಿನ ಡೈರಿ ತೆಗೆದು ನೋಡಿದೆ: ಗ್ಯಾಸ್ ಸಿಲಿಂಡರ್ ಬಂತು, ಚಕ್ಕುಲಿ ಬಿರುಸಾಗಿತ್ತು ಎಂದಿದೆ. ಜಗಳದ ಸುದ್ದಿಯೇ ಇಲ್ಲ. ಅಂದಿನಿಂದ ಅವನೂ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಆಟದಲ್ಲಿ ಒಬ್ಬರ ಹೆಸರು ಒಬ್ಬರಿಗೆ ಕಾಣುತ್ತಿತ್ತು, ಅಷ್ಟೇ. ಸಂಗಾತಿ ಬಿದ್ದರೆ ವೈದ್ಯರಿಗೆ ತಿಳಿಸುವ ಆ ಸಾಲು ಮೊದಲ ದಿನಗಳದು. ತೆಗೆಯಲು ಕಂಪನಿಯವರು ಮರೆತಿದ್ದಿರಬೇಕು.

ಆ ರವಿವಾರ ಹೆಸರನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ. ಮೂರು ದಾಟಿದ ಮೇಲೆ ನನ್ನ ವೈದ್ಯೆ ಹೊರಟಳು.

ಜವುಗಿಗೆ ಹೋಗುವ ಬಾಗಿಲನ್ನು ಆಗಲೇ ಮುಚ್ಚಿದ್ದರು. ತಾನೇ ನಡೆಯಲು ಹೇಳಿದರೆ ದಾರಿ ಸಿಗಲಿಲ್ಲ ಎಂದು ಬಂತು. ಅಂತರ್ಜಾಲದಲ್ಲಿ ದಾರಿ ತೋರಿಸುವ ಪುಟಗಳು ಬೇಕಾದಷ್ಟಿದ್ದವು, ಆದರೆ ಎಲ್ಲವೂ ನಿಜವಾದ ಹೆಸರುಗಳಲ್ಲಿ. ನಮ್ಮ ಸ್ವಾರಗೇಟಿಗೆ ಜಗತ್ತು ಏನೆಂದು ಕರೆಯುತ್ತದೋ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಓಡಾಡಿದ ಊರಿನಲ್ಲಿ ಪರವೂರಿನವಳಾಗಿ ನಿಂತೆ. ಹೊರಡುವ ಮುಂಚೆ ಆಟದೊಳಗಿನ ನನ್ನ ಉಗ್ರಾಣದಲ್ಲಿ ಹುಡುಕಿದಾಗ ತಳದಲ್ಲಿ ಒಂದು ರೊಟ್ಟಿ ಸಿಕ್ಕಿತು. ಈಗ ಉಪಯೋಗಕ್ಕಿಲ್ಲ ಎಂದು ಅದರ ಮೇಲೆ ಬರೆದಿತ್ತು. ಚೀಲಕ್ಕೆ ಹಾಕಿಕೊಂಡೆ.

ಮುರಿದ ಕಂಬ ಸಿಕ್ಕಿತು. ಅಲ್ಲಿಂದ ಎಡಕ್ಕೆ, ಅದರಲ್ಲಿ ಅನುಮಾನವೇ ಇರಲಿಲ್ಲ. ಎಡಕ್ಕೆ ಹೋದರೆ ಒಣಮರ, ಒಣಮರದಾಚೆ ಜವುಗು. ಹೋದೆ. ಮರವಿರಬೇಕಾದಲ್ಲಿ ಕಲ್ಲಿನ ಗೋಡೆ ಎದ್ದಿತ್ತು. ನಕ್ಷೆ ಬದಲಾಗಿತ್ತೋ, ಅಥವಾ ದಾರಿ ಅಲ್ಲಿ ಯಾವತ್ತೂ ಇರಲೇ ಇಲ್ಲವೋ? ಅಣ್ಣನ ಹೆಸರು ಇನ್ನೂ ಬೂದಿ. ಯಾವ ಕ್ಷಣ ಹಸಿರಾಗುವುದೋ ಎಂದು ಒಂದು ಕಣ್ಣು ಅಲ್ಲೇ ಇಟ್ಟಿದ್ದೆ.

ಕಲ್ಲಿನ ಹಿಂದಿನಿಂದ ಒಂದು ದೊಡ್ಡ ಜಿಗಣೆ ನನ್ನ ಮೇಲೆ ಬಂತು. ಹಿಂದೆ ನಮ್ಮ ಇಡೀ ಗುಂಪನ್ನು ಬೀಳಿಸುತ್ತಿದ್ದ ಜಿಗಣೆ. ನನ್ನ ಕೋಲು ತಾಕಿದ್ದೇ ತಡ, ಸತ್ತುಬಿತ್ತು. ನಾನು ವೈದ್ಯೆ, ಹೊಡೆಯಲು ಬಾರದವಳು. ನನಗೇ ಹೀಗಾದರೆ ಅಣ್ಣನಂಥ ಯೋಧನನ್ನು ಇಲ್ಲಿ ಬೀಳಿಸಿದ್ದು ಏನು?

ಫೋನು ತೆಗೆದು ಅಣ್ಣನಿಗೆ ಹಚ್ಚಿದೆ. ಎರಡೇ ಸಲ ರಿಂಗಾಯಿತು. ಹಲೋ ಅನ್ನಲಿಲ್ಲ ಅವನು.

"ಎಲ್ಲಿದ್ದಿ?"

"ಸ್ವಾರಗೇಟದಾಗ."

"ಖರೇ ಸ್ವಾರಗೇಟೋ, ನಮ್ಮ ಸ್ವಾರಗೇಟೋ?"

"ನಮ್ಮದು. ಎಡಕ್ಕ ಹೋದೆ, ಕಲ್ಲಿನ ಗ್ವಾಡಿ ಅದ ಇಲ್ಲೆ."

"ಎಡಕ್ಕ ಯಾಕ ಹೋದಿ? ಯಾವಾಗಲೂ ಬಲಕ್ಕ."

"ಎಡಕ್ಕ. ನನಗ ಪಕ್ಕಾ ನೆನಪದ."

"ನಿನ್ನ ನೆನಪು ತಗೊಂಡು ಉಪ್ಪಿನಕಾಯಿ ಹಾಕೂದೇನು? ಬಲಕ್ಕ ಬರ್ರಿ, ಅಕ್ಕಾವ್ರ." ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಹಾಗೆ ಕರೆಯುತ್ತಾರೆ. ನಾನು ಕಾಲೇಜಿನಲ್ಲಿ ಕಲಿಸತೊಡಗಿದ ಮೇಲೆ ಅವನು ನನ್ನನ್ನು ಚುಚ್ಚುವುದು ಹೀಗೆಯೇ.

ಅವನ ಹಿಂದೆ ಯಾರೋ ಮರಾಠಿಯಲ್ಲಿ ಬಿಳಿ ಬಣ್ಣ ಕೇಳುತ್ತಿದ್ದರು. "ಆಹೇ, ಆಹೇ. ಜರಾ ಥಾಂಬಾ," ಅಂದ ಅಣ್ಣ, ಇದೆ, ಸ್ವಲ್ಪ ತಡೆಯಿರಿ ಎಂದು. ಗಿರಾಕಿಯನ್ನು ಕಾಯಿಸುವವನಲ್ಲ ಅವನು.

ತಿರುಗಿ ಬಂದು ಬಲಕ್ಕೆ ಹೋದೆ. ದಾರಿ ನೇರ ನೀರಿಗಿಳಿಯಿತು.

"ಇಲ್ಲೆ ಎದಿಮಟ ನೀರದ."

"ಕಾಲುಸೇತುವಿ ಅದಲ್ಲ?"

"ಇಲ್ಲ."

"ಇತ್ತಲ್ಲೇ."

"ಅಣ್ಣಾ, ಇಲ್ಲ. ನೀ ಹೆಂಗ ಬಂದಿ?"

"ಗುಡ್ಡದ ಮ್ಯಾಲಿಂದ ಹಾರಿ ಬಂದೆ. ರೆಕ್ಕಿ ಇದ್ದಾವಲ್ಲ."

"ಆ ಗುಲಾಬಿ ರೆಕ್ಕಿ?"

"ನಗಬ್ಯಾಡ. ದಾರಿ ನನಗೂ ಗೊತ್ತಿಲ್ಲ ಹಂಗಾರ." ಅವನ ದನಿಯಲ್ಲಿದ್ದ ಬಿಗುವು ಸಡಿಲಾಗಿತ್ತು.

ಇನ್ನು ಐದು ನಿಮಿಷದಲ್ಲಿ ಆಟ ಮುಚ್ಚುತ್ತದೆ ಎಂದು ಕೆಂಪಕ್ಷರಗಳು ಬಂದವು. ಅವನಿಗೂ ಕಂಡಿರಬೇಕು.

"ಹೋಗಲಿ ಬಿಡು," ಅಂದ. "ಗುಂಡಿ ಒತ್ತತೇನಿ. ಗಿರಾಕಿ ನಿಂತಾನ. ನೀ ಇಷ್ಟು ಬಂದಿ, ಸಾಕು."

"ಏಳಬ್ಯಾಡ, ಬಂದೆ."

ಹೆಸರು ಬೂದಿಯಾಗಿಯೇ ಇತ್ತು.

ನೀರಿಗಿಳಿದೆ. ಜವುಗಿನ ನೀರು ವಿಷ. ಜಿಗಣೆಗಳು ಮೆತ್ತಗಾದರೂ ಅದು ಬದಲಾಗಿರಲಿಲ್ಲ, ಹೆಜ್ಜೆಹೆಜ್ಜೆಗೆ ಪ್ರಾಣ ಇಳಿಸುತ್ತದೆ. ಯೋಧನಾಗಿದ್ದರೆ ನಡುನೀರಿನಲ್ಲೇ ಬೀಳುತ್ತಿದ್ದ. ನಾನು ನಾಲ್ಕು ಹೆಜ್ಜೆ ಇಡುವುದು, ನಿಂತು ನನಗೆ ನಾನೇ ಮದ್ದು ಮಾಡಿಕೊಳ್ಳುವುದು, ಮತ್ತೆ ನಾಲ್ಕು ಹೆಜ್ಜೆ. ನಿಂತಷ್ಟು ಹೊತ್ತು ಸಮಯ ಸೋರುತ್ತಿತ್ತು, ನಿಲ್ಲದಿದ್ದರೆ ನಾನೂ ಅಲ್ಲಿಯೇ ಮಲಗುವವಳು.

ಒಣಮರ ಕಂಡಿತು. ಅದು ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ, ನೀರಿನ ನಟ್ಟನಡುವಿನ ದಿಬ್ಬದ ಮೇಲಿತ್ತು. ಬುಡದಲ್ಲಿ ಅಣ್ಣ ಬಿದ್ದಿದ್ದ. ರೆಕ್ಕೆ ಇರಲಿಲ್ಲ, ಕೊಂಡ ಕವಚವಾಗಲಿ ಶಿರಸ್ತ್ರಾಣವಾಗಲಿ ಇರಲಿಲ್ಲ. ಆಟ ಶುರು ಮಾಡಿದ ದಿನ ಎಲ್ಲರಿಗೂ ಕೊಡುತ್ತಿದ್ದ ಕಂದು ಅಂಗಿಯಲ್ಲಿದ್ದ. ಎಲ್ಲವನ್ನೂ ಒಂದೊಂದಾಗಿ ಕಳಚಿ, ಜಿಗಣೆಗಳ ಮುಂದೆ ಸುಮ್ಮನೆ ನಿಂತಿದ್ದಾನೆ. ಹಾಗಲ್ಲದೆ ಅವನು ಅಲ್ಲಿ ಬೀಳುವುದು ಸಾಧ್ಯವಿರಲಿಲ್ಲ.

"ಕಂಡಿಯೇನು?" ಅಂದ.

ಎಬ್ಬಿಸುವ ಮಂತ್ರ ಯಾವ ಗುಂಡಿಯಲ್ಲಿದೆ ಎಂದು ಮರೆತಿದ್ದೆ. ಹುಡುಕಿ, ಒತ್ತಿದೆ. ಅದು ಹಳೆಯ ಮಂತ್ರ, ನಿಧಾನ. ಪರದೆಯ ಕೆಳಗೆ ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬುತ್ತ ಹೋಗುತ್ತದೆ, ಪೂರಾ ತುಂಬುವವರೆಗೆ ಅಲ್ಲಾಡುವಂತಿಲ್ಲ. ಅರ್ಧ ತುಂಬಿತು. ಮುಕ್ಕಾಲು. ಇನ್ನೊಂದು ಬೆರಳಷ್ಟು ಉಳಿದಿತ್ತು ಎಂದು ನೆನಪು. ಪರದೆ ಸ್ತಬ್ಧವಾಯಿತು. ಮರ, ನೀರು, ನನ್ನ ಎತ್ತಿದ ಕೈ, ಬಿದ್ದ ಅಣ್ಣ, ಎಲ್ಲ ಹಾಗೆಯೇ ನಿಂತವು. ಸಂಪರ್ಕ ಮುಗಿದಿದೆ ಎಂದು ಬಂತು.

"ಎದ್ದೆ," ಅಂದ ಅಣ್ಣ ಫೋನಿನಲ್ಲಿ.

"ಖರೇ?"

"ಎದ್ದೆ ಅಂದ್ರ ಎದ್ದೆ. ಬುತ್ತಿ ಎಲ್ಲಿ?"

"ಚೀಲದಾಗ ಉಳೀತು. ಕೊಡೂದ್ರಾಗ ಬಂದ್ ಆತು."

"ಬರಿಗೈಲೇ ಎಬ್ಬಿಸೀ ಅನ್ನು." ಆಮೇಲೆ ಗಿರಾಕಿಗೆ "ಹಾಂ, ಬೋಲಾ," ಅನ್ನುತ್ತ ಫೋನಿಟ್ಟ.

ನನ್ನ ಪರದೆಯ ಮೇಲೆ ಅವನು ಎದ್ದಿರಲಿಲ್ಲ. ಅವನದರ ಮೇಲೆ ಎದ್ದಿರಬಹುದು. ಎರಡು ಪರದೆಗಳ ನಡುವೆ ಅಷ್ಟು ವ್ಯತ್ಯಾಸ ಆಗುತ್ತದೆ. ನನ್ನನ್ನು ಸಮಾಧಾನಪಡಿಸಲು ಹೇಳಿದ್ದೂ ಇರಬಹುದು. ಆ ಸಂಜೆ ಡೈರಿಯಲ್ಲಿ, ಓದಿದ ಇತಿಹಾಸದ ಚಾಳಿಯಂತೆ, "ಎದ್ದೆ ಎಂದು ಅಣ್ಣ ಹೇಳಿದ" ಎಂದು ಬರೆದೆ. ಅದಕ್ಕಿಂತ ಹೆಚ್ಚಿನದಕ್ಕೆ ನಾನು ಸಾಕ್ಷಿಯಲ್ಲ.

ಮರುದಿನ ಕಾಲೇಜು ಮುಗಿಸಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಕೊಂಢವಾದ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಅಣ್ಣನ ಕೈ ಮೊಣಕೈವರೆಗೆ ನೀಲಿಯಾಗಿತ್ತು. ಎದುರಿಗಿದ್ದ ಡಬ್ಬಿ ಒರೆಸಿ ನನ್ನನ್ನು ಅದರ ಮೇಲೆ ಕೂಡಿಸಿದ. ಬುತ್ತಿ ಬಿಚ್ಚಿ, ಒಂದು ರೊಟ್ಟಿ ಪೂರಾ ತಿಂದ ಮೇಲೆ ಬಾಯಿ ತೆಗೆದ.

"ಬಲಕ್ಕ ಇತ್ತು ದಾರಿ."

"ಎಡಕ್ಕ," ಅಂದೆ.

ಹೋಗಿ ನೋಡಿ ಹೇಳಲು ಈಗ ಆ ಜಾಗವೇ ಇಲ್ಲ.