ಹರಿಗೋಲಿನವನ ಅಭಿಪ್ರಾಯ

ನಾನೂ ನನ್ನ ತಂಗಿಯೂ ಹೇಮಾವತಿಯನ್ನು ಹರಿಗೋಲಿನಲ್ಲಿ ದಾಟಿ ಹೊಳೆನರಸೀಪುರದ ಶಾಲೆಗೆ ಹೋಗುತ್ತಿದ್ದ ಕಾಲವದು. ಹುಟ್ಟು ಹಾಕುತ್ತಿದ್ದವನಿಗೆ ಓದು ಬರದು. ಕಥೆಯ ಹುಚ್ಚು ಮಾತ್ರ ವಿಪರೀತ. ಮೈಸೂರಿನಿಂದ ಭಾಗಭಾಗವಾಗಿ ಬರುತ್ತಿದ್ದ ಹಾರುವ ಕುದುರೆಯ ಕಥೆ ನಮ್ಮ ಕೈಯಲ್ಲಿ ಕಂಡರೆ ಸಾಕು, "ಮನಸ್ನಾಗೇ ಯಾಕೆ ಓದ್ಕೊಂತೀಯವ್ವಾ, ನಾನೇನು ಕಿವುಡನಾ?" ಎನ್ನುತ್ತಿದ್ದ. ದಡ ಹತ್ತಿರವಾದರೆ, ಪುಟ ಮುಗಿಯುವವರೆಗೂ ಹುಟ್ಟನ್ನು ನೀರಿನಿಂದ ಎತ್ತಿ ಹಿಡಿದಿರುತ್ತಿದ್ದ.

ನಾಲ್ಕನೆಯ ಭಾಗ ಬಂತು. ಮೇಷ್ಟ್ರು ಬಾಯ್ತುಂಬ ಹೊಗಳಿದರು. ಕುದುರೆಯ ಕಥೆ ಕಡಿಮೆಯಾಯಿತೆಂದು ತಂಗಿ ಮುನಿಸಿಕೊಂಡಳು. ರಾಜಕುಮಾರಿಯ ಹರಿಗೋಲು ಬಾಣದಂತೆ ನೆಟ್ಟಗೆ ಹೋಯಿತು ಎಂದು ನಾನು ಓದಿದಾಗ ಇವನು ಹುಟ್ಟು ಹಾಕುವುದನ್ನೇ ನಿಲ್ಲಿಸಿದ.

"ಕುದ್ರೆ ಆರ್ಲಿ, ಒಪ್ತೀನಿ. ಅರಿಗೋಲು ಸುತ್ತದೆ ನೆಟ್ಟಗೆ ಓಗೋದುಂಟಾ? ಬರೆದೋರ್ಗೆ ಒಂದು ಕಾಗ್ದ ಆಕವ್ವಾ."

"ಮೇಷ್ಟ್ರೇ ಮೆಚ್ಚಿದಾರೆ. ನಿಂಗೆ ಓದೋಕೂ ಬರಲ್ಲ," ಎಂದೆ.

"ಓದಾಕೆ ಬರಾಕಿಲ್ಲ, ದಿಟ. ನಾನೇನು ಕಿವುಡನಾ?"

ಅವನು ಹೇಳಿದ್ದನ್ನೇ ಕಾರ್ಡಿನಲ್ಲಿ ಬರೆದು ಹಾಕಿದೆ. ಉತ್ತರ ಬರಲಿಲ್ಲ. ಐದನೆಯ ಭಾಗವೇ ಬಂತು. ಅದರಲ್ಲಿ ರಾಜಕುಮಾರಿಯ ಹರಿಗೋಲು ಮೂರು ಸುತ್ತು ಸುತ್ತಿ ಆಮೇಲೆ ಮುಂದೆ ಸಾಗಿತ್ತು.

ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದ. ಎದೆಯುಬ್ಬಿಸಿ ಎದ್ದು ನಿಂತು, ನಡುಹೊಳೆಯಲ್ಲಿ ಹರಿಗೋಲನ್ನು ಬೇಕೆಂದೇ ಸುತ್ತಿಸತೊಡಗಿದ. ಒಂದು ಸುತ್ತಾಗುವಷ್ಟರಲ್ಲಿ ಆಚೆ ದಡದಿಂದ ಶಾಲೆಯ ಗಂಟೆ ಕೇಳಿಸಿತು.

"ಗಂಟೆ ಹೊಡೀತು!" ಎಂದು ಕೂಗಿದೆ.

"ಕೇಳ್ತು ಕಣವ್ವಾ, ನಾನೇನು ಕಿವುಡನಾ? ಪುಸ್ತಕದಾಗೆ ಇನ್ನೂ ಎಲ್ಡು ಸುತ್ತವೆ."